ತೆರೆಕ್ ಬೀದಿಯ ಹತ್ತಿ

ನಮ್ಮಲ್ಲಿ ಗಂಡನ ಅಕ್ಕನ ಹೆಸರನ್ನು ಸೊಸೆಯಾದವಳು ಬಾಯಿಬಿಟ್ಟು ಹೇಳುವಂತಿಲ್ಲ. ಮದುವೆಯಾಗಿ ಬಂದಾಗಿನಿಂದ ನಾನು ಅವಳನ್ನು ಕರೆದದ್ದು 'ಎಜೆ' ಎಂದೇ, ಅಂದರೆ ಅಕ್ಕ. ಈಗ ನನ್ನ ತಲೆಯೂ ನೆರೆತಿದೆ, ಗದರುವ ಅತ್ತೆಯೂ ಇಲ್ಲ. ಹೇಳಿಬಿಡುತ್ತೇನೆ: ಬುರ್ಮಾಕಾನ್. ಈ ಊರಿನ ಬೀದಿಗಳಿಗೆ, ಉದ್ಯಾನಗಳಿಗೆ, ಶಾಲೆಯ ಅಂಗಳಕ್ಕೆ ಯಾವ ಮರ ಎಲ್ಲಿ ಬರಬೇಕೆಂದು ನಕ್ಷೆ ಹಾಕಿದವಳು ಅವಳೇ. ಪ್ರತಿ ಜೂನಿನಲ್ಲಿ ನಾನು ಒಗೆದು ಹಾಕಿದ ಬಟ್ಟೆಯನ್ನೆಲ್ಲ ಹಾಳು ಮಾಡಿದವಳೂ ಅವಳೇ.

ನಮ್ಮದು ಅಣೆಕಟ್ಟಿನ ಜೊತೆ ಹುಟ್ಟಿದ ಊರು. ನರಿನ್ ನದಿಗೆ ಅಡ್ಡಗೋಡೆ ಎದ್ದಾಗ ಕಣಿವೆಯ ಹಳ್ಳಿಗಳು ನೀರಿನ ಪಾಲಾದವು. ನನ್ನ ಗಂಡ ಎಸೆನ್ ಮತ್ತು ಎಜೆ ಹುಟ್ಟಿದ ಕೋಕ್-ಬುಲಾಕ್ ಕೂಡ ಹೋಯಿತು. ನಾನು ತಲಾಸ್ ಕಡೆಯವಳು, ನನ್ನ ತವರು ಇವತ್ತಿಗೂ ಒಣನೆಲದ ಮೇಲೇ ಇದೆ. ಹಾಗಾಗಿ ಈ ಮುಳುಗಿದೂರಿನವರ ಗೋಳು ಮೊದಮೊದಲು ನನಗೆ ಅತಿ ಅನ್ನಿಸುತ್ತಿತ್ತು. ಮದುವೆಮನೆಗೆ ಹೋದರೂ ಮಾತು ಅಲ್ಲಿಗೇ ಹೊರಳುತ್ತಿತ್ತು: ಅಲ್ಲಿನ ಜರದಾಳು, ಅಲ್ಲಿನ ನೀರು, ಅಲ್ಲಿನ ಗಾಳಿ. ಗಾಳಿಯೇನು ಮುಳುಗಿತ್ತೇ?

ಗಂಡುಮಗು ಹುಟ್ಟಿದರೆ ತಂದೆ ಕಾಲುವೆಯ ಪಕ್ಕ ಒಂದು ಸಾಲು ತೆರೆಕ್, ಅಂದರೆ ಪಾಪ್ಲರ್ ಸಸಿ ನೆಡುವುದು ನಮ್ಮ ಪದ್ಧತಿ. ಮಗ ಮದುವೆಗೆ ಬರುವಷ್ಟರಲ್ಲಿ ಮರಗಳು ಕಂಬದಂತೆ ನೆಟ್ಟಗೆ ಬೆಳೆದಿರುತ್ತವೆ. ಕಡಿದು ಅವನ ಮನೆಗೆ ತೊಲೆ ಮಾಡುತ್ತಾರೆ. ಎಸೆನ್ ಹುಟ್ಟಿದಾಗ ಮಾವ ಸಾಲು ನೆಟ್ಟರು. ಅದಕ್ಕೂ ಮೊದಲು ಎಜೆ ಹುಟ್ಟಿದಾಗ ಏನೂ ನೆಟ್ಟಿರಲಿಲ್ಲ. ಪರರ ಮನೆಗೆ ಹೋಗುವ ಹೆಣ್ಣಿಗೆ ತೊಲೆ ಯಾಕೆ? ಬಾಣಂತಿ ಅತ್ತೆಯೇ ಎದ್ದು ಬಂದು, ಒಂದು ತೆರೆಕ್ ಕಡ್ಡಿ ಮುರಿದು ಬಾಗಿಲ ಬಳಿ ಚುಚ್ಚಿದರಂತೆ. ಅದೂ ಮರವಾಯಿತು.

ನೀರು ಏರುವ ಮುಂಚೆ ಕಣಿವೆಯ ಮರಗಳನ್ನೆಲ್ಲ ಕಡಿಯಬೇಕೆಂದು ಅಪ್ಪಣೆಯಾಯಿತು. ಎಸೆನನ ಸಾಲು ಈಗ ನನ್ನ ತಲೆಯ ಮೇಲಿನ ಚಾವಣಿಯಾಗಿದೆ. ಬಾಗಿಲ ಬಳಿಯ ಮರವೂ ಉರುಳಿತು. ಎಜೆ ಆಗಷ್ಟೇ ರಾಜಧಾನಿಯಲ್ಲಿ ನಗರಕ್ಕೆ ಹಸಿರು ತರುವ ವಿದ್ಯೆ ಓದಿ ಬಂದಿದ್ದಳು. ಬಿದ್ದ ಮರದ ಕೊಂಬೆಗಳನ್ನೆಲ್ಲ ಗೇಣುದ್ದ ಕತ್ತರಿಸಿ, ಒದ್ದೆ ಗೋಣಿಯಲ್ಲಿ ಸುತ್ತಿ ಹೊಸ ಊರಿಗೆ ತಂದಳು. ದೊಡ್ಡ ಬೀದಿಗೆ ಬೇರೆ ಮರ ನೆಡಬೇಕೆಂದು ಮೇಲಿನವರು ಹೇಳಿದ್ದರು. ಅವಳು ಈ ಕಡ್ಡಿಗಳನ್ನೇ ನೆಟ್ಟಳು.

ಕೆಲವೇ ವರ್ಷಕ್ಕೆ ಬೀದಿಗೆ ನೆರಳಾಯಿತು, ಎಲ್ಲರೂ ಹೊಗಳಿದರು. ಆಮೇಲೊಂದು ಜೂನ್ ಬಂತು. ತೆರೆಕ್‌ನಲ್ಲಿ ಗಂಡುಮರ ಬೇರೆ, ಹೆಣ್ಣುಮರ ಬೇರೆ. ಹೆಣ್ಣುಮರ ಬೀಜದ ಜೊತೆ ಹತ್ತಿ ಉದುರಿಸುತ್ತದೆ. ಊರೊಳಗೆ ಗಂಡುಮರವನ್ನೇ ನೆಡಬೇಕೆಂಬುದು ಆ ವಿದ್ಯೆಯ ಮೊದಲ ಪಾಠ. ಇಲ್ಲಿಯೋ, ಒಂದೇ ಮರದ ಕಡ್ಡಿಗಳು, ಹಾಗಾಗಿ ಬೀದಿಗೆ ಬೀದಿಯೇ ಹೆಣ್ಣು! ರೊಟ್ಟಿಯ ಮೇಲೆ ಹತ್ತಿ, ಮೂಗಿನೊಳಗೆ ಹತ್ತಿ, ನನ್ನ ಒದ್ದೆ ಬಟ್ಟೆಯ ಮೇಲಂತೂ ಕುರಿಯುಣ್ಣೆಯಂತೆ ಹತ್ತಿ. ಜೂನ್ ಬಂತೆಂದರೆ ನಮ್ಮ ಬೀದಿಯವರು ಚಹಾದ ಬಟ್ಟಲಿನ ಮೇಲೆ ಅಂಗೈ ಮುಚ್ಚಿಕೊಂಡೇ ಕೂರುತ್ತಿದ್ದರು. ಒಂದು ಗುಟುಕು ಕುಡಿಯುವುದು, ಮತ್ತೆ ಮುಚ್ಚುವುದು.

"ಹತ್ತಿಯಕ್ಕ ಬಂದ್ರು, ದಾರಿ ಬಿಡಿ!" ಎಂದು ಮೂಲೆಯಲ್ಲಿ ರೊಟ್ಟಿ ಮಾರುವ ಜಿಪಾರ್ ಕೂಗುತ್ತಿದ್ದಳು. "ಉಜ್ಬೇಕರು ಹೊಲದಲ್ಲಿ ಹತ್ತಿ ಬೆಳೀತಾರೆ, ನಮ್ಮೋರು ಆಕಾಶದಲ್ಲಿ ಬೆಳೆದ್ರು ನೋಡಿ."

"ಬಿಟ್ಟಿ ಸಿಗ್ತಿದೆಯಲ್ಲ, ದಿಂಬು ತುಂಬ್ಕೋ," ಅನ್ನುತ್ತಿದ್ದಳು ಎಜೆ.

ನಾನೂ ಬಿಡುತ್ತಿರಲಿಲ್ಲ. "ಅಷ್ಟೆಲ್ಲ ಓದಿದ್ದು ದಂಡ ಎಜೆ. ಗಂಡ್ಯಾವ್ದು ಹೆಣ್ಯಾವ್ದು ಅಂತ ತಿಳೀಲಿಲ್ವಾ ನಿಮ್ಗೆ?"

"ಎಲೆ ಇಲ್ಲದ ಕಡ್ಡಿ ನೋಡಿ ಯಾರಿಗೆ ಗೊತ್ತಾಗುತ್ತೆ, ಹೋಗೇ," ಎಂದು ನಕ್ಕುಬಿಡುತ್ತಿದ್ದಳು.

ಅವಳು ಮದುವೆಯಾಗಲಿಲ್ಲ, ನಮ್ಮ ಮನೆಯಲ್ಲೇ ಉಳಿದಳು. ನದಿಯ ಅಂಚಿನ ಕಾಡುಪೊದೆಗಳನ್ನು ಕಡಿದು ನಿವೇಶನ ಮಾಡಲು ಹೊರಟವರೊಡನೆ ಜಗಳವಾಡಿ ಹಕ್ಕಿಗಳಿಗೆ ಉಳಿಸಿದಳು, ಕಲ್ಲುಗುಡ್ಡೆಯ ಮೇಲೆ ಉದ್ಯಾನ ಎಬ್ಬಿಸಿದಳು. ಇನ್ನು ಮುಂದೆ ಬೀದಿಗೆ ಗಂಡು ತೆರೆಕ್ ಮಾತ್ರ ಎಂಬ ನಿಯಮ ತಂದವಳೂ ಅವಳೇ. ಒಂದು ಮಾತ್ರ ಮಾಡಲಿಲ್ಲ. ಕೋಕ್-ಬುಲಾಕಿನವರೆಲ್ಲ ಹಬ್ಬದ ದಿನ ಜಲಾಶಯದ ದಡಕ್ಕೆ ಹೋಗಿ, ಮುಳುಗಿದ ಸಮಾಧಿಗಳ ಕಡೆ ಮುಖಮಾಡಿ ಪ್ರಾರ್ಥಿಸುತ್ತಿದ್ದರು. ಎಜೆ ಒಮ್ಮೆಯೂ ಹೋಗಲಿಲ್ಲ.

ಎರಡು ವರ್ಷದ ಹಿಂದೆ ಯಾರೋ ಎಸೆದ ಸಿಗರೇಟಿನಿಂದ ಹತ್ತಿಗೆ ಬೆಂಕಿ ಹತ್ತಿ, ಚರಂಡಿಯುದ್ದಕ್ಕೂ ಓಡಿ, ಜಿಪಾರಳ ಅಂಗಡಿ ಸುಟ್ಟುಹೋಯಿತು. ಮರಗಳಿಗೂ ವಯಸ್ಸಾಗಿತ್ತು. ಮರುವರ್ಷದ ವಸಂತದಲ್ಲಿ, ಎಜೆಯ ಕೈಕೆಳಗೆ ಕಲಿತು ಈಗ ಅವಳ ಹುದ್ದೆಯಲ್ಲಿರುವ ಮೆಡೆರ್ ಮನೆಗೆ ಬಂದ. ಚಹಾ ಮುಗಿದರೂ ತಲೆ ಎತ್ತಲಿಲ್ಲ.

"ನೀವು ಬೇಡ ಅಂದ್ರೆ ನಾನು ಗರಗಸ ಮುಟ್ಟಲ್ಲ ಎಜೆ."

"ನಾನಾಗಿದ್ರೆ ಇಷ್ಟೊತ್ತಿಗೆ ಕಡಿಸಿರ್ತಿದ್ದೆ," ಎಂದಳು ಅವಳು. "ಒಳಗೆಲ್ಲ ಟೊಳ್ಳು. ಯಾರ ತಲೆ ಮೇಲೆ ಬೀಳ್ಲಿ ಅಂತ ಕಾಯ್ತೀಯಾ? ಈ ಜೂನ್ ಒಂದು ಕಳೀಲಿ, ಆಮೇಲೆ ಕಡಿಸು."

ಅವನು ಹೋದಮೇಲೆ ನನಗೆ ತಡೆಯಲಾಗಲಿಲ್ಲ. ನಮ್ಮ ಅಂಗಳದಲ್ಲಾದರೂ ಒಂದು ಕಡ್ಡಿ ನೆಡೋಣ ಎಂದೆ. ಅವಳು ಬೇಡವೆಂದು ತಲೆಯಾಡಿಸಿದಳು.

"ನಂಗೆ ಗೊತ್ತಿತ್ತು ಕಣೆ," ಎಂದಳು.

"ಏನು?"

"ಅದು ಹೆಣ್ಣುಮರ ಅಂತ. ಚಿಕ್ಕೋಳಿದ್ದಾಗ ಬಾಗ್ಲು ತೆಗೆದ್ರೆ ಸಾಕು, ಹತ್ತಿ ಒಳಗೆ ನುಗ್ತಿತ್ತು. ಅಮ್ಮ ಗುಡಿಸ್ತಾ ಬೈತಿದ್ಲು, ಬೈತಾ ನಗ್ತಿದ್ಲು. ಹತ್ತಿ ಇಲ್ದಿದ್ರೆ ಅದು ನಮ್ಮನೆ ಹೇಗಾಗುತ್ತೆ ಹೇಳು?"

ಇಷ್ಟು ವರ್ಷ ಊರೆಲ್ಲ ಅವಳನ್ನು ದಡ್ಡಿ ಎಂದಿತ್ತು, ನಾನಂತೂ ಎಲ್ಲರಿಗಿಂತ ಹೆಚ್ಚು ಅಂದಿದ್ದೆ. ಎಲ್ಲವನ್ನೂ ನುಂಗಿಕೊಂಡಿದ್ದಳು. ನನಗೆ ಸಿಟ್ಟೂ ಬಂತು, ಅಳುವೂ ಬಂತು.

ಆ ವರ್ಷ ಬೆಟ್ಟದಲ್ಲಿ ಹಿಮ ಕಡಿಮೆ ಬಿದ್ದಿತ್ತು, ಜಲಾಶಯ ತಳ ಕಂಡಿತ್ತು. ಜೂನಿನಲ್ಲಿ ಒಂದು ದಿನ ಎಸೆನ್ ಏದುಸಿರು ಬಿಡುತ್ತ ಬಂದ. "ನಮ್ಮೂರು ಮೇಲೆ ಬಂದಿದೆ!"

ಎಜೆ ನನ್ನ ಕಡೆ ತಿರುಗಿ ಹೇಳಿದಳು: "ಇವತ್ತು ಗುಡಿಸಿದ ಹತ್ತಿ ಬಿಸಾಡ್ಬೇಡ."

ದಿಂಬಿನ ಚೀಲಗಳಿಗೆ ಹತ್ತಿ ತುಂಬಿ ಮೂವರೂ ಹೋದೆವು. ಕೋಕ್-ಬುಲಾಕಿನಲ್ಲಿ ಉಳಿದಿದ್ದದ್ದು ಕೆಸರು, ತಳಪಾಯದ ಕಲ್ಲುಗಳು, ಕಪ್ಪು ಬೊಡ್ಡೆಗಳು. ಎಜೆ ಯಾರನ್ನೂ ಕೇಳದೆ ಹಳೆಯ ಕಾಲುವೆಯ ಗುರುತು ಹಿಡಿದು ನಡೆದು, ಒಂದು ಹೊಸ್ತಿಲ ಕಲ್ಲಿನ ಪಕ್ಕದ ಬೊಡ್ಡೆಯ ಮುಂದೆ ನಿಂತಳು. ಚೀಲ ಬಿಚ್ಚಿ ಗಾಳಿಗೆ ಹಿಡಿದಳು. ಹತ್ತಿ ಎದ್ದು, ಬೀದಿಯಿದ್ದ ಜಾಗದಲ್ಲೆಲ್ಲ ಹರಡಿ, ಕೆಸರಿಗೆ ಅಂಟಿಕೊಂಡಿತು.

"ಇದಕ್ಕೆ ಹೀಗೇ ಒದ್ದೆ ಮಣ್ಣು ಬೇಕು, ಬೇರೆ ಗಿಡ ಇರ್ಬಾರ್ದು," ಎಂದಳು. "ಊರಲ್ಲಿ ಟಾರ್ ಮೇಲೆ ಬಿದ್ದು ಸಾಯ್ತಿತ್ತು, ಪಾಪ."

ಕೆಲವು ವಾರ ಬಿಟ್ಟು ಮತ್ತೆ ಹೋದಾಗ ಕೆಸರಿನ ಮೇಲೆ ಹಸಿರು ಕೂದಲು ಮೂಡಿತ್ತು. ಬೆರಳುದ್ದದ ತೆರೆಕ್‌ಗಳು, ಲೆಕ್ಕವಿಲ್ಲದಷ್ಟು. ಆದರೆ ನೀರೂ ಮತ್ತೆ ಏರುತ್ತಿತ್ತು, ಆ ಹೊಸ್ತಿಲಿನಿಂದ ಅಂಗಳದಷ್ಟು ದೂರಕ್ಕೆ ಬಂದಿತ್ತು. ನಾನು ಮಂಡಿಯೂರಿ, ಮನೆಯಿಂದ ತಂದಿದ್ದ ಚಮಚದಿಂದ ಒಂದು ಸಸಿಯ ಸುತ್ತ ಕೆದಕಲು ಶುರುಮಾಡಿದೆ. ಎಜೆ ನನ್ನ ಕೈ ಹಿಡಿದಳು.

"ಬಿಡು."

"ನೀರು ಬರುತ್ತೆ ಎಜೆ! ಎಲ್ಲಾ ಹೋಗುತ್ತೆ!"

"ಬರ್ಲಿ. ಅವತ್ತು ನೀರು ಬಂದಾಗ ಇಲ್ಲಿ ನಮ್ಮೋರು ಯಾರೂ ಇರ್ಲಿಲ್ಲ. ಈ ಸಲ ಇವಾದ್ರೂ ಇರ್ಲಿ."

ಹೊಸ್ತಿಲ ಕಲ್ಲಿನ ಮೇಲೆ ಕೂತು, ಎರಡೂ ಅಂಗೈ ತೆರೆದು ಪ್ರಾರ್ಥಿಸಿ, ಮುಖ ಸವರಿಕೊಂಡಳು. ಎಸೆನ್ ಅತ್ತ ತಿರುಗಿ ನಿಂತಿದ್ದ. ನನ್ನ ತವರಲ್ಲದ ಆ ಊರಿಗಾಗಿ ನಾನು ಬಿಕ್ಕಿಬಿಕ್ಕಿ ಅತ್ತೆ.

ಶರತ್ಕಾಲದಲ್ಲಿ ಮೆಡೆರ್ ಬೀದಿಯ ಮರಗಳನ್ನು ಕಡಿಸಿದ. ಅಷ್ಟರಲ್ಲಿ ಕೋಕ್-ಬುಲಾಕ್ ಮತ್ತೆ ನೀರಿನಡಿ ಹೋಗಿತ್ತು. ಬೀದಿಯಲ್ಲಿ ಈಗ ಗಂಡು ಸಸಿಗಳಿವೆ, ಅಚ್ಚುಕಟ್ಟಾಗಿ.

ಈ ಜೂನಿನಲ್ಲಿ ನನ್ನ ಬಟ್ಟೆ ಮೊದಲ ಸಲ ಬೆಳ್ಳಗೆ ಒಣಗಿತು. ಹಗ್ಗದಿಂದ ಎಳೆದುಕೊಂಡು ತಿರುಗಿದರೆ, ಎಜೆ ಅಂಗಳದ ಮಂಚದ ಮೇಲೆ ಚಹಾ ಕುಡಿಯುತ್ತ ಕೂತಿದ್ದಳು. ಒಂದು ಗುಟುಕು ಕುಡಿದು, ಬಟ್ಟಲನ್ನು ಅಂಗೈಯಿಂದ ಮುಚ್ಚಿದಳು. ಈಗೇನೂ ಬೀಳಲ್ಲ, ಕೈ ತೆಗೀರಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಪಕ್ಕದಲ್ಲಿ ಕೂತು ನನಗೂ ಚಹಾ ಬಗ್ಗಿಸಿಕೊಂಡು, ನನ್ನ ಬಟ್ಟಲಿನ ಮೇಲೂ ಕೈ ಮುಚ್ಚಿದೆ.