ಹೋತಪ್ಪನಿಗೆ ದನಿಯಾದ ಜೈನಾಬ್

ಭಾನುವಾರ, ಬೆಳಗಿನ ಹೊತ್ತು. ಸೊರಬದ ಬಸ್ ನಿಲ್ದಾಣದ ಹಿಂದಿನ ಓಣಿಯ ಕೇಬಲ್ ಕೋಣೆಯಲ್ಲಿ ಜೈನಾಬ್ ಕಿಟಕಿಗೆ ಹಳೆಯ ಕೌದಿಯೊಂದನ್ನು ಬಿಗಿಯುತ್ತಿದ್ದಾರೆ. ಶಿಕಾರಿಪುರದ ಕಡೆಯಿಂದ ಬರುವ ಮೊದಲ ಬಸ್ಸಿನ ಹಾರ್ನ್ ಒಳಗೆ ಕೇಳಿಸಬಾರದು. ಫ್ಯಾನನ್ನೂ ಆರಿಸುತ್ತಾರೆ, ಅದರ ಕಿರುಗುಟ್ಟುವ ಸದ್ದನ್ನು ಮೈಕು ಹಿಡಿದುಬಿಡುತ್ತದೆ. ಕ್ಯಾಸೆಟ್ ತಿರುಗತೊಡಗುತ್ತದೆ; ಕೇಬಲ್ಲಿನಲ್ಲಿ ಚಿತ್ರವೂ ಜೈನಾಬ್ ದನಿಯೂ ಅದೇ ಹೊತ್ತಿಗೆ ನೇರವಾಗಿ ಊರಿನ ಮನೆಗಳಿಗೆ ಹೋಗುತ್ತವೆ. ಟಿವಿಯಲ್ಲಿ ಟೋಪಿ ಹಾಕಿಕೊಂಡ ಹೋತವೊಂದು ಭೂತಗನ್ನಡಿ ಹಿಡಿದು, ತನ್ನದೇ ಹೆಜ್ಜೆಗುರುತನ್ನು ಕಳ್ಳನದೆಂದು ನಂಬಿ ಮನೆಯ ಸುತ್ತ ಸುತ್ತುತ್ತಿದೆ. ಜೈನಾಬ್ ಮೈಕಿಗೆ ಬಾಗಿ ಮೂಗಿನಲ್ಲಿ ನುಡಿಯುತ್ತಾರೆ: "ಕಳ್ಳ ಭಾರಿ ಚಾಲಾಕಿ ಇದಾನೆ ಕಣ್ರೀ. ನಾನು ನಿಂತ್ರೆ ಅವನೂ ನಿಲ್ತಾನೆ."

ಸೊರಬದ ಮಕ್ಕಳಿಗೆ ಈ ಹೋತ ಇನ್‌ಸ್ಪೆಕ್ಟರ್ ಹೋತಪ್ಪ. ಮೂಲದಲ್ಲಿ ಅದು ಯಾವುದೋ ದೇಶದ ಹಳೆಯ ಇಂಗ್ಲಿಷ್ ಕಾರ್ಟೂನು. ಒಂದೊಂದು ಕಂತಿನಲ್ಲೂ ಒಬ್ಬೊಬ್ಬರ ಅಣಕ: ಒಮ್ಮೆ ಗೂಢಚಾರರ ಸಿನಿಮಾ, ಒಮ್ಮೆ ಚಂದ್ರನಿಗೆ ಹೋಗುವವರು, ಇನ್ನೊಮ್ಮೆ ರಾಜಮನೆತನ. ಜೈನಾಬ್‌ಗೆ ಇಂಗ್ಲಿಷ್ ಬಾರದು. ಹಾಗಾದರೆ ಕಥೆ ತಿಳಿಯುವುದು ಹೇಗೆ? ಶನಿವಾರ ಅವರು ಸದ್ದು ಆರಿಸಿ, ಕ್ಯಾಸೆಟ್ಟನ್ನು ಮತ್ತೆ ಮತ್ತೆ ಹಿಂದಕ್ಕೆ ಸುತ್ತಿಸಿ, ಬರೀ ಮುಖಗಳನ್ನು ನೋಡುತ್ತಾರೆ.

"ಯಾರನ್ನೋ ಅಣಕಿಸ್ತಿದಾರೆ ಅನ್ನೋದು ಗೊತ್ತಾಗ್ತದೆ. ಯಾರನ್ನ ಅಂತ ಗೊತ್ತಾಗಲ್ಲ. ಆಗ ನಮ್ಮೂರಲ್ಲೇ ಅಂಥೋರನ್ನ ಹುಡುಕ್ಬೇಕು" ಎನ್ನುತ್ತಾರೆ.

ಒಂದು ಕಂತಿನಲ್ಲಿ ಕೊಂಬಿನ ಟೋಪಿ ತೊಟ್ಟ ದಪ್ಪ ಹೆಂಗಸೊಬ್ಬಳು ಹಾಡುತ್ತಾಳೆ, ಗಾಜೆಲ್ಲ ಒಡೆಯುತ್ತದೆ. ಅದು ಯಾವ ದೇಶದ ಯಾವ ಹಾಡೋ ಇಲ್ಲಿ ಯಾರಿಗೂ ತಿಳಿಯದು. ಜೈನಾಬ್ ಅವಳನ್ನು ಮದುವೆ ಮನೆಯಲ್ಲಿ ಮೈಕು ಸಿಕ್ಕರೆ ಬಿಡದ ಅತ್ತೆಯಾಗಿಸಿದರು. ಊಟ ಆರಿದರೂ ಅತ್ತೆಯ ಹಾಡು ಮುಗಿಯಲಿಲ್ಲ. ಆ ಕಂತನ್ನು ಜನ ಕೇಳಿ ಕೇಳಿ ಹಾಕಿಸಿಕೊಂಡಿದ್ದಾರೆ.

ಜೈನಾಬ್ ಹುಟ್ಟಿದ್ದು ಶಿಕಾರಿಪುರದಲ್ಲಿ. ಕೊಡೆ, ಟಾರ್ಚು ರಿಪೇರಿ ಮಾಡುತ್ತಿದ್ದ ತಂದೆ ಮುನೀರ್ ಅಹ್ಮದ್ ಸೊರಬಕ್ಕೆ ಬಂದಾಗ ಆಕೆ ಪುಟ್ಟ ಹುಡುಗಿ. ಅಪ್ಪನ ಕಣ್ಣು ಮಂಜಾದ ವರ್ಷ ಏಳನೇ ತರಗತಿಗೇ ಶಾಲೆ ಬಿಟ್ಟು ಹೊಲಿಗೆಗೆ ಕೂತರು. ಇಂದಿಗೂ ವಾರವಿಡೀ ಹೊಲಿಗೆಯೇ. ಬಟ್ಟೆಗಾಗಿ ಕಾಯುವ ಮಕ್ಕಳು ಬೇಸರಪಡಬಾರದೆಂದು ಅಂಗಡಿಯ ಟಿವಿಯಲ್ಲಿ ಬರುವುದನ್ನೆಲ್ಲ ಕನ್ನಡದಲ್ಲಿ ಹೇಳುತ್ತಿದ್ದರು. ಪ್ಯಾಂಟು ಗಿಡ್ಡ ಮಾಡಿಸಲು ಬಂದಿದ್ದ ಕೇಬಲ್ ಮಾಲೀಕ ಸಿದ್ಧಲಿಂಗೇಶ್ ಅದನ್ನು ಕೇಳಿ ನಿಂತೇಬಿಟ್ಟರು, ತಮ್ಮ ಭಾನುವಾರದ ಕಾರ್ಟೂನಿಗೆ ದನಿ ಕೊಡಲು ಕರೆದರು. ಸೊಸೆಯ ದನಿ ಮನೆಮನೆಗೆ ಹೋಗುವುದಕ್ಕೆ ಜೈನಾಬ್ ಅವರ ಅತ್ತೆ ಮೊದಲು ಒಪ್ಪಲಿಲ್ಲ. ಒಂದು ಭಾನುವಾರ ಕೇಳಿದ ಮೇಲೆ, ಹೋಗುವುದು ಹೋತದ ದನಿಯಲ್ಲವೇ ಎಂದು ಸುಮ್ಮನಾದರು.

ಕಷ್ಟ ಬಂದದ್ದು ಕಳೆದ ವರ್ಷ, ತೊಂಬತ್ತಾರರಲ್ಲಿ, ಗೂಬೆಯ ಕಂತಿನಿಂದ. ನ್ಯಾಯಾಧೀಶನ ಕೋಟು ತೊಟ್ಟ ಗೂಬೆಯೊಂದು ಎಲ್ಲರಿಗೂ ಶಿಕ್ಷೆ ಕೊಡುತ್ತ ಕೂರುವ ಕಥೆ. ಜೈನಾಬ್ ಅದನ್ನು ಶಾಲೆಯ ಮೇಷ್ಟ್ರಾಗಿಸಿದರು. ಮಾತಿನ ನಡುವೆ ಕೆಮ್ಮು, ಪ್ರತಿ ವಾಕ್ಯದ ಕೊನೆಗೆ "ತಿಳೀತಾ, ದಡ್ಡ ಶಿಖಾಮಣಿ?" ಕಂತು ಮುಗಿಯುವಷ್ಟರಲ್ಲಿ ಊರಿಗೆ ಊರೇ ನಗುತ್ತ ಗುರುತು ಹಿಡಿದಿತ್ತು. ಅದು ನಿವೃತ್ತ ಲೆಕ್ಕದ ಮೇಷ್ಟ್ರು ಮಹೇಶ್ವರಪ್ಪನವರ ದನಿ. ಊರಿನ ಅರ್ಧ ಜನ ಅವರ ಶಿಷ್ಯರು, ಜೈನಾಬ್ ಕೂಡ. ಗುರುವನ್ನು ಗೂಬೆ ಮಾಡಿದರೆಂದು ಕೆಲವರು ಕೂಗಾಡಿದರು. ಸಿದ್ಧಲಿಂಗೇಶ್ ಹೆದರಿ ಮೈಕು ತೆಗೆದಿಟ್ಟರು. ಮುಂದಿನ ಭಾನುವಾರಗಳಲ್ಲಿ ಹೋತಪ್ಪ ಇಂಗ್ಲಿಷಿನಲ್ಲೇ ಮಾತಾಡಿದ. ಜೈನಾಬ್ ಮೇಷ್ಟ್ರ ಮನೆಯ ಬೀದಿಯಲ್ಲಿ ಓಡಾಡುವುದನ್ನೇ ಬಿಟ್ಟರು.

ಒಂದು ಮಧ್ಯಾಹ್ನ ಮೇಷ್ಟ್ರೇ ಹೊಲಿಗೆ ಅಂಗಡಿಗೆ ಬಂದರು. ಜೈನಾಬ್ ಎದ್ದು ನಿಂತು ಕ್ಷಮೆ ಕೇಳಲು ಬಾಯಿ ತೆರೆದರು. ಮೇಷ್ಟ್ರು ಕೈಯೆತ್ತಿ ತಡೆದು ಸ್ಟೂಲಿನ ಮೇಲೆ ಕೂತರು. ತಾವು ಆ ಕಂತು ನೋಡಿಲ್ಲವೆಂದೂ, ಈಗ ತಮ್ಮೆದುರೇ ಮಾಡಿ ತೋರಿಸಬೇಕೆಂದೂ ಹೇಳಿದರು. ಬೇರೆ ದಾರಿಯಿರಲಿಲ್ಲ. ನೆಲ ನೋಡುತ್ತ ಜೈನಾಬ್ ಗೂಬೆಯ ಪಾಠವನ್ನು ಮೊದಲಿಂದ ಕೊನೆಯವರೆಗೆ ಒಪ್ಪಿಸಿದರು. ಮೇಷ್ಟ್ರು ನಗಲಿಲ್ಲ, ಸಿಟ್ಟೂ ಆಗಲಿಲ್ಲ.

"ನನ್ನ ಕ್ಲಾಸಲ್ಲಿ ನೀವು ಹಿಂಗೆ ನಗಾಡ್ತಿದ್ರೇನಮ್ಮ?"

"ಇಲ್ಲ ಸಾರ್. ಹೆದರ್ತಿದ್ವಿ."

ಮೇಷ್ಟ್ರು ಎದ್ದು ನೇರವಾಗಿ ಕೇಬಲ್ ಕೋಣೆಗೆ ನಡೆದು, ಈ ಭಾನುವಾರ ಗೂಬೆಯ ಕಂತನ್ನೇ ಹಾಕಬೇಕು, ಅದೂ ಜೈನಾಬ್ ದನಿಯಲ್ಲೇ ಎಂದು ಸಿದ್ಧಲಿಂಗೇಶರಿಗೆ ತಾಕೀತು ಮಾಡಿದರು. "ಅವತ್ತು ಹೆದರ್ಕೊಂಡಿದ್ದೋರು ಇವತ್ತಾದ್ರೂ ನಗ್ಲಿ ಬಿಡಪ್ಪ" ಎಂದರಂತೆ. ಕೂಗಾಡಿದ್ದವರು ಆಮೇಲೆ ತುಟಿ ಬಿಚ್ಚಲಿಲ್ಲ.

ಈಗ ಪಕ್ಕದ ಹಳ್ಳಿಗಳ ಮಕ್ಕಳೂ ಭಾನುವಾರ ಸೊರಬದ ನೆಂಟರ ಮನೆಗೆ ಬರುತ್ತಾರೆ. ಆದರೆ ಬೀದಿಯಲ್ಲಿ ಎದುರಾದರೆ ಜೈನಾಬ್ ಯಾರೆಂದು ಅವರಿಗೆ ಗೊತ್ತಿಲ್ಲ. ಆ ಬಗ್ಗೆ ಆಕೆಗೆ ಬೇಸರವೂ ಇಲ್ಲ. ಏನಾದರೂ ಆಸೆ ಇದೆಯೇ ಎಂದರೆ ಸೂಜಿಗೆ ದಾರ ಪೋಣಿಸುತ್ತ ತುಸು ಯೋಚಿಸುತ್ತಾರೆ.

"ನಾನು ಮಾತಾಡೋವಾಗ ಬಾಗಿಲು ಹಾಕಿರ್ತದಲ್ರೀ, ಮಕ್ಕಳು ನಗೋದು ನಂಗೆ ಕೇಳಂಗಿಲ್ಲ. ಒಂದ್ಸಲ ಯಾರದಾದ್ರೂ ಮನೇಲಿ, ಹಿಂದ್ಗಡೆ ಕೂತು ಕೇಳ್ಬೇಕು ಅಂತ."