ಹಗೇವಿಗೆ ಇಳಿಸಿದ ಮೈಕು

ನಮ್ಮ ಹಾಸ್ಯಕ್ಕೆ ನೆಲದಡಿಯಿಂದ ಬಂದಂಥ ದನಿ ಬೇಕಿತ್ತು. ಸ್ಟುಡಿಯೋ ಬಾಡಿಗೆಗೆ ದುಡ್ಡಿರಲಿಲ್ಲ. ಅಫಜಲಪುರ ತಾಲೂಕಿನ ಗೆಳೆಯನ ಮನೆಯಂಗಳದಲ್ಲಿ ಹಗೇವು ಇತ್ತು. ಜೋಳ ಕೂಡಿಡಲು ನೆಲದೊಳಗೆ ತೋಡಿದ ಕಣಜ ಅದು. ಬಾಯಿ ಒಬ್ಬರು ಇಳಿಯುವಷ್ಟೇ, ಹೊಟ್ಟೆ ಕೋಣೆಯಷ್ಟು.

ಕಡಗಂಚಿಯ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಓದುವಾಗಿನಿಂದ ನಾವಿಬ್ಬರೂ ಒಂದು ಸಮುದಾಯ ರೇಡಿಯೋಗೆ ಹದಿನೈದು ನಿಮಿಷದ ಹಾಸ್ಯ ಮಾಡಿ ಕೊಡುತ್ತಿದ್ದೆವು. ಬರೆದ ಮಾತು ಇರುತ್ತಿರಲಿಲ್ಲ. ಒಂದು ಸನ್ನಿವೇಶ ಹಿಡಿದು ಬಾಯಿಗೆ ಬಂದದ್ದು ಆಡುವುದು, ಏನೇ ಆದರೂ ನಡುವೆ ನಿಲ್ಲಿಸದಿರುವುದು. ಆ ನಿಯಮ ಮಾಡಿದ್ದು ನಾನೇ.

ಆ ದಿನದ ಸನ್ನಿವೇಶ: ಹಗೇವಿಗೆ ಬಿದ್ದವನೊಬ್ಬ ಮೇಲೆತ್ತಿರೆಂದು ಕಚೇರಿಗೆ ಫೋನ್ ಮಾಡುತ್ತಾನೆ. ಬಿದ್ದವನು ಗೆಳೆಯ, ಗುಮಾಸ್ತ ನಾನು.

ಮುಚ್ಚಿದ್ದ ಕಲ್ಲು ಸರಿಸುವಾಗ ಅವನ ಅಜ್ಜಿ ಹೊರಗೆ ಬಂದರು.

“ಒಳಗಿನ ಗಾಳಿ ಕೆಟ್ಟಿರ್ತದ, ಒಪ್ಪತ್ತು ತೆರದು ಬಿಡ್ರಿ. ಆಮ್ಯಾಲ ಕಂದೀಲ ಇಳಸಿ ನೋಡ್ರಿ. ದೀಪ ಆರಿದ್ರ ಮನಷ್ಯಾನೂ ಆರ್ತಾನ.”

“ತಳದಾಗ ನಾಕು ಬೊಗಸಿ ಹಳೇ ಜೋಳ ಅದ, ಅಷ್ಟೇ. ಏನೂ ಆಗಂಗಿಲ್ರಿ ಆಯಿ. ನಾ ಕೆಮಿಸ್ಟ್ರಿ ಓದೀನಿ,” ಎಂದೆ.

“ಓದಿದವ್ರಿಗಿ ಯಾರ್ ಹೇಳ್ಬೇಕು,” ಎಂದು ಅವರು ಮೊಮ್ಮಗನ ಸೊಂಟಕ್ಕೆ ತಾವೇ ಹಗ್ಗ ಬಿಗಿದರು. “ಜೀವಕ್ಕ ಸರಿ ಅನಸ್ಲಿಲ್ಲಂದ್ರ ಜಗ್ಗು,” ಎಂದು ಇನ್ನೊಂದು ತುದಿ ಹಿಡಿದು ಅಲ್ಲೇ ಕೂತರು.

ಅವನು ಇಳಿದ. ಅಂಗಿಗೆ ಸಿಕ್ಕಿಸಿದ ಮೈಕಿನ ವೈರು ನನ್ನ ಕೈಯ ರೆಕಾರ್ಡರಿಗೆ ಬಂದಿತ್ತು. ನಾನು ಹೆಡ್‌ಫೋನ್ ಹಾಕಿಕೊಂಡು ಬಾಯಿಯ ಬಳಿ ಬಗ್ಗಿ ಕೂತೆ.

“ಸಾಹೇಬ್ರ, ಹಗೇವಿನಾಗ ಬಿದ್ದೀನ್ರಿ.”

“ಹಗೇವು ಯಾವ ವಾರ್ಡಿನಾಗ ಬರ್ತದ?”

“ವಾರ್ಡಿನ ಕೆಳಗ ಬರ್ತದ್ರಿ.”

ನಗು ನುಂಗಿಕೊಂಡೆ. ಸ್ವಲ್ಪ ಹೊತ್ತಿಗೆ ಅವನ ಮಾತು ನಿಧಾನವಾಯಿತು, ನಾಲಗೆ ತೊದಲಿತು. ಕುಡಿದವನ ಹಾಗೆ ಆಡುತ್ತಿದ್ದಾನೆ, ಚೆನ್ನಾಗಿ ಹೊಳೆದಿದೆ ಅಂದುಕೊಂಡೆ.

“ಸಾಹೇಬ್ರ... ಉಸರು ಬರವಲ್ದ್ರಿ.”

“ಉಸರಾಡ್ಲಾಕ ಬೇರೆ ಫಾರ್ಮ್ ಅದ. ನಾಳಿ ಬರ್ರಿ,” ಎಂದು ಗಟ್ಟಿಯಾಗಿ ನಕ್ಕುಬಿಟ್ಟೆ.

ಆಮೇಲೆ ಅವನು ಏನೂ ಹೇಳಲಿಲ್ಲ. ಆ ಮೌನವನ್ನೂ ರೆಕಾರ್ಡ್ ಮಾಡುತ್ತಲೇ ಇದ್ದೆ. ರೇಡಿಯೋದಲ್ಲಿ ಇಷ್ಟು ಹೊತ್ತು ಸುಮ್ಮನಿರುವ ಧೈರ್ಯ ಯಾರಿಗಿದೆ ಎಂದು ಮನಸ್ಸಿನಲ್ಲೇ ಮೆಚ್ಚಿಕೊಂಡೆ. ದನಿ ನಿಂತದ್ದು ಸರಿಯಿಲ್ಲ ಎಂದು ತಿಳಿದದ್ದು ಅಜ್ಜಿಗೆ. ಅವರು ಹಗ್ಗ ಜಗ್ಗುತ್ತಾ ಕೂಗಿದರು. ಪಕ್ಕದ ಮನೆಯ ಇಬ್ಬರು ಓಡಿಬಂದರು. ಎಳೆಯುವಾಗಲೂ ಹೆಡ್‌ಫೋನ್ ನನ್ನ ಕಿವಿಯಲ್ಲೇ ಇತ್ತು; ಮೈಕು ಹಗೇವಿನ ಗೋಡೆಗೆ ಉಜ್ಜುತ್ತಾ ಬರುವ ಸದ್ದು ಈಗಲೂ ಕೇಳುತ್ತದೆ. ಮೇಲೆ ಬಂದಾಗ ಅವನ ತುಟಿ ನೀಲಿಯಾಗಿತ್ತು.

ಬದುಕಿಕೊಂಡ. ಮೂರನೆಯ ದಿನ ಆಸ್ಪತ್ರೆಯ ಮಂಚದ ಮೇಲೆ ಎದ್ದು ಕೂತು, ರೆಕಾರ್ಡಿಂಗ್ ಹೇಗೆ ಬಂದಿದೆ ಎಂದು ಕೇಳಿದ. ಹಾಳಾಯಿತು ಎಂದೆ.

“ಹಾಳಾತಾ? ಹಗ್ಗಕ್ಕ ಕೈ ಹಾಕಿದ್ದೆ ಲೇ. ನೀ ನಗೂದು ಕೇಳಿಸ್ತು. ಛಲೋ ಬರಾಕತ್ತದ, ಇನ್ನೊಂದೀಟು ತಡ್ಯಾಮು ಅಂತ ಬಿಟ್ಟೆ.”

ರೆಕಾರ್ಡಿಂಗ್ ಹಾಳಾಗಿಲ್ಲ. ಅದರಲ್ಲಿ ಅವನ ಕೊನೆಯ ಮಾತು ಸ್ಪಷ್ಟವಾಗಿದೆ, ನನ್ನ ನಗು ಅದಕ್ಕಿಂತ ಸ್ಪಷ್ಟವಾಗಿದೆ. ಅವನಿಗೆ ಇನ್ನೂ ಹೇಳಿಲ್ಲ.