ಅಮಾವಾಸ್ಯೆಯ ದಿನದ ಉಸಿರು

ದೆಹಲಿ ಪಕ್ಕದ ಇಂದಿರಾಪುರಂನ ಎತ್ತರದ ಕಟ್ಟಡಗಳ ಹಿಂದೆ ಆಗಿನ್ನೂ ಖಾಲಿ ಬಯಲಿತ್ತು. ಅಲ್ಲಿ ಮೇಯುತ್ತಿದ್ದ ನಾಲ್ಕು ಹಸುಗಳನ್ನು ನಂಬಿ ನನ್ನ ಸಂಶೋಧನೆ ನಡೆದಿತ್ತು. ದಿನಾ ಬೆಳಗ್ಗೆ ಅಳೆದು ಸಾಸಿವೆ ಹಿಂಡಿ ತಿನ್ನಿಸಿ ಮೇಯಲು ಬಿಟ್ಟರೆ, ಅವು ತೇಗಿನಲ್ಲಿ ಹೊರಬಿಡುವ ಮೀಥೇನ್ ಕಡಿಮೆಯಾದೀತೇ ಎಂಬುದು ಪ್ರಶ್ನೆ. ಹಸುವಿನ ಮೂಗಿನ ಬಳಿ ಸಣ್ಣ ನಳಿಕೆ, ಕುತ್ತಿಗೆಗೊಂದು ಡಬ್ಬಿ. ಒಂದು ದಿನದ ಉಸಿರು ಅದರೊಳಗೆ ಸೇರುತ್ತಿತ್ತು.

ಹಸುಗಳ ಯಜಮಾನ ನನಗಿಂತ ಹಿರಿಯ. ಭಯ್ಯಾ ಎನ್ನುತ್ತಿದ್ದೆ. ಮಹಾಲಯ ಅಮಾವಾಸ್ಯೆಯ ಬೆಳಗ್ಗೆ ಕಂದು ಹಸುವಿಗೆ ಡಬ್ಬಿ ಕಟ್ಟುತ್ತಿದ್ದಾಗ ಆತ ಕೇಳಿದ: "ಇವತ್ತು ಎಲ್ಲಾ ಗೇಟಲ್ಲೂ ಪೂರಿ, ಖೀರು ಹಾಕ್ತಾರೆ ಸಾಬ್. ಇವಳೋ ಹೊಟ್ಟೆಬಾಕಿ. ಕಟ್ಟಿ ಹಾಕಲಾ?"

"ಬಿಡಿ ಭಯ್ಯಾ, ಮೇಯದಿದ್ದರೆ ನನ್ನ ಪ್ರಯೋಗ ಹೇಗೆ?" ಎಂದೆ. ಹಾಗೆಂದೆ ಎಂದೇ ಬಹುಕಾಲ ನೆನಪಿತ್ತು.

ಮಧ್ಯಾಹ್ನ ಅಪ್ಪನಿಗೆ ತರ್ಪಣ ಕೊಟ್ಟಮೇಲೆ ಅಮ್ಮ ಗೋಗ್ರಾಸದ ಎಲೆ ಹಿಡಿಸಿ ಕೆಳಗೆ ಕರೆತಂದಳು. ಅನ್ನ, ಪಾಯಸ, ಎರಡು ವಡೆ. ಗೇಟಿನ ಹೊರಗೆ ನಿಂತಿದ್ದದ್ದು ಅದೇ ಕಂದು ಹಸು.

"ಇದು ಬೇಡಮ್ಮ, ಪ್ರಯೋಗದಲ್ಲಿದೆ."

"ನಿನ್ನ ಪ್ರಯೋಗ ಮುಗಿಯೋ ತನಕ ನಿಮ್ಮಪ್ಪ ಹಸ್ಕೊಂಡಿರ್ಬೇಕೇನೋ?"

ಎಲೆ ಕೆಳಗಿಟ್ಟೆ. ನನ್ನ ಹಿಂದೆ ಸ್ಟೀಲ್ ಡಬ್ಬ ಹಿಡಿದು ಏಳೆಂಟು ಮಂದಿ ಕಾಯುತ್ತಿದ್ದರು. ಒಂದು ತುತ್ತಿನಿಂದ ಏನಾದೀತು ಎಂದು ಅವರೂ ಅಂದುಕೊಂಡಿರಬೇಕು.

ಮರುದಿನ ಹಸು ಏಳಲಿಲ್ಲ. ಅನ್ನ, ಪೂರಿ ಎಲ್ಲ ಹೊಟ್ಟೆಯಲ್ಲಿ ಹುಳಿತು ಆಮ್ಲವಾಗಿದೆ ಎಂದರು ಪಶುವೈದ್ಯರು. ಮೂರನೆಯ ದಿನ ಸತ್ತಿತು. ನಾಲ್ಕರಲ್ಲಿ ಹೆಚ್ಚು ಹಾಲು ಕೊಡುತ್ತಿದ್ದುದು ಅದೇ.

ಅದರ ಡಬ್ಬಿಯಲ್ಲಿ ಮೀಥೇನ್ ಹಿಂದೆಂದೂ ಕಾಣದಷ್ಟು ಕಡಿಮೆಯಿತ್ತು. "ಅಚ್ಛಾ! ಹಿಂಡಿ ಕೆಲಸ ಮಾಡಿದೆ," ಎಂದರು ನನ್ನ ಗೈಡ್. ಹಿಂಡಿಯಲ್ಲ. ಹುಳಿಯೇರಿದ ಹೊಟ್ಟೆಯಲ್ಲಿ ಮೀಥೇನ್ ಹುಟ್ಟಿಸುವ ಸೂಕ್ಷ್ಮಜೀವಿಗಳು ಸೊರಗುತ್ತವೆ. ಅದು ಸಾಯತೊಡಗಿದ್ದ ಹಸುವಿನ ಉಸಿರು. ಗೊತ್ತಿದ್ದೂ ಆ ಅಂಕಿಯನ್ನು ಪ್ರಬಂಧದಿಂದ ತೆಗೆಯಲಿಲ್ಲ.

ಭಯ್ಯಾನ ಬಳಿಯಾದರೂ ತಪ್ಪೊಪ್ಪಿಕೊಳ್ಳೋಣವೆಂದು ಹೋದೆ. ಆತ ಖಾಲಿ ಗೂಟದ ಪಕ್ಕ ಕೂತಿದ್ದ. ನಾನು ಬಾಯಿ ತೆರೆಯುವ ಮೊದಲೇ ಅಂದ: "ತಪ್ಪು ನಂದೇ ಸಾಬ್. ಕಟ್ಟಿ ಹಾಕು ಅಂತ ನೀವು ಹೇಳಿದ್ರಿ. ನಾನೇ ಬಿಟ್ಟೆ."

"ಹೋಗಲಿ ಬಿಡಿ ಭಯ್ಯಾ," ಎಂದೆ. ಅಷ್ಟೇ ಅಂದದ್ದು.

ಆಮೇಲೆ ಆ ಬೆಳಗನ್ನು ಎಷ್ಟು ಸಲ ನೆನೆದಿದ್ದೇನೋ. ಈಗ 'ಬಿಡಿ' ಎಂದದ್ದೂ ಕೇಳಿಸುತ್ತದೆ, 'ಕಟ್ಟಿ ಹಾಕಿ' ಎಂದದ್ದೂ ಕೇಳಿಸುತ್ತದೆ, ಎರಡೂ ನನ್ನದೇ ದನಿಯಲ್ಲಿ. ಪ್ರಯೋಗದ ನೋಟ್‌ಬುಕ್ ತೆಗೆದು ನೋಡಿದೆ. "ಕಂದು ಹಸು, ಬೆಳಗ್ಗೆ ಏಳು ಗಂಟೆ, ಮೇಯಲು ಬಿಟ್ಟಿದೆ" ಎಂದಷ್ಟೇ ಇದೆ. ಯಾರು ಬಿಡಲು ಹೇಳಿದ್ದೆಂದು ಬರೆದಿಲ್ಲ.

ಆ ಬಯಲಿನಲ್ಲಿ ಕಟ್ಟಡಗಳೆದ್ದವು. ಉಳಿದ ಹಸುಗಳನ್ನು ಹೊಡೆದುಕೊಂಡು ಭಯ್ಯಾ ಎಲ್ಲಿಗೆ ಹೋದನೋ ಯಾರಿಗೂ ಗೊತ್ತಿಲ್ಲ. ಎಲ್ಲೇ ಇರಲಿ, ಅವಳನ್ನು ಕೊಂದವನು ತಾನೇ ಎಂದು ಇಂದಿಗೂ ನಂಬಿಕೊಂಡಿರುತ್ತಾನೆ.